ಎಡ್ಜ್‌ವೇರಿನ ಕ್ಯಾಮೆರಾ ಅಂಗಡಿ

ಉತ್ತರ ಲಂಡನ್ನಿನಲ್ಲಿರುವ ನಮ್ಮ ಬಳಗದ ಕುಟುಂಬಗಳಿಗೆ ಎಡ್ಜ್‌ವೇರ್ ಎಂದರೆ ನಾರ್ದರ್ನ್ ಲೈನಿನ ಕೊನೆಯ ಸ್ಟೇಷನ್ನು. ರೋಮನ್ನರು ಹಾಕಿದ ವಾಟ್ಲಿಂಗ್ ಸ್ಟ್ರೀಟ್ ಎಂಬ ನೆಟ್ಟನೆಯ ರಸ್ತೆಯ ಮಗ್ಗುಲಲ್ಲಿ, ಮಿಡ್ಲ್‌ಸೆಕ್ಸ್ ಕೌಂಟಿಯ ಒಂದು ಹಳ್ಳಿಯಾಗಿ ಅದು ಬಹುಕಾಲ ಇತ್ತು. 1924ರಲ್ಲಿ ಅಂಡರ್‌ಗ್ರೌಂಡ್ ರೈಲು ಅಲ್ಲಿಯವರೆಗೆ ಬಂದಿತು. ಆಮೇಲೆ ಹೊಲಗಳಿದ್ದಲ್ಲಿ ಸಾಲು ಮನೆಗಳೆದ್ದವು, ಸ್ಟೇಷನ್ನಿನ ಸುತ್ತ ಅಂಗಡಿಗಳು ಬಂದವು. ಈಸ್ಟ್ ಎಂಡಿನ ಇಕ್ಕಟ್ಟಿನಿಂದ ಹೊರಬಂದ ಅನೇಕ ಯಹೂದಿ ಕುಟುಂಬಗಳು ಇಲ್ಲಿ ನೆಲೆಯೂರಿದವು. 1965ರಲ್ಲಿ ಗ್ರೇಟರ್ ಲಂಡನ್ ರಚನೆಯಾದಾಗ ಈ ಊರು ಬಾರ್ನೆಟ್ ಬರೋಗೆ ಸೇರಿತು. ಎರಡನೆಯ ಮಹಾಯುದ್ಧ ಮುಗಿಯುವ ವೇಳೆಗೆ ಇಲ್ಲಿ ಒಂದು ಸಣ್ಣ ಫೋಟೋ ಸ್ಟುಡಿಯೋ ಇತ್ತು. ಹೆಸರು ಡಿಕ್ಸನ್ಸ್. ನಮ್ಮ ಹಿರಿಯರಲ್ಲಿ ಬಹಳ ಮಂದಿ ತಮ್ಮ ಮೊದಲ ಕ್ಯಾಮೆರಾ, ಮೊದಲ ಕ್ಯಾಸೆಟ್ ರೆಕಾರ್ಡರು, ಮೊದಲ ಟೆಲಿವಿಷನ್ನು ಕೊಂಡದ್ದು ಈ ಹೆಸರಿನ ಬೋರ್ಡಿನ ಕೆಳಗೆ. ಆ ಅಂಗಡಿಯ ಕಥೆಯನ್ನೂ ಅದರ ಕೌಂಟರಿನ ಹಿಂದೆ ನಡೆಯುತ್ತಿದ್ದ ರಸಾಯನದ ಕಥೆಯನ್ನೂ ಒಟ್ಟಿಗೆ ಹೇಳುವುದು ಈ ಲೇಖನದ ಉದ್ದೇಶ.

ಇದನ್ನು ನಾನೇಕೆ ಬರೆಯಬೇಕು ಎಂದರೆ, ನಾನು ರಸಾಯನಶಾಸ್ತ್ರದವನೆಂದು ಗೊತ್ತಾದ ಮೇಲೆ ಯುಗಾದಿ, ದೀಪಾವಳಿ ಕೂಟಗಳಲ್ಲಿ ಹಿರಿಯರು ನನ್ನನ್ನು ಕೇಳುವ ಪ್ರಶ್ನೆಗಳು ಎರಡು. ಒಂದು, ತಲೆನೋವಿಗೆ ಯಾವ ಮಾತ್ರೆ ಒಳ್ಳೆಯದು. ಈ ದೇಶದಲ್ಲಿ ಔಷಧದಂಗಡಿಯವನಿಗೂ ನನ್ನಂಥವನಿಗೂ ಒಂದೇ ಹೆಸರು, 'ಕೆಮಿಸ್ಟ್'. ಆದುದರಿಂದ ಈ ಪ್ರಶ್ನೆ ಕ್ಷಮ್ಯ. ಇನ್ನೊಂದು, "ನಮ್ಮ ಮದುವೆಯ ಫೋಟೋಗಳೆಲ್ಲ ಕೆಂಪಗಾಗುತ್ತಿವೆಯಲ್ಲ, ಏಕಪ್ಪಾ?" ಎಂಬುದು. ಮೊದಲನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ಎರಡನೆಯದಕ್ಕೆ ಇದೆ, ಆದರೆ ಅದು ಕೂಟದ ಊಟದ ಸಾಲಿನಲ್ಲಿ ನಿಂತು ಹೇಳಿ ಮುಗಿಸುವಂಥದಲ್ಲ.

ಡಿಕ್ಸನ್ಸ್ ಹುಟ್ಟಿದ್ದು ಎಡ್ಜ್‌ವೇರಿನಲ್ಲಲ್ಲ. ಥೇಮ್ಸ್ ನದಿ ಸಮುದ್ರ ಸೇರುವಲ್ಲಿರುವ ಸೌತೆಂಡ್ ಊರಿನಲ್ಲಿ, 1937ರಲ್ಲಿ. ಚಾರ್ಲ್ಸ್ ಕಾಮ್ಸ್ ಮತ್ತು ಮೈಕೆಲ್ ಮಿಂಡೆಲ್ ಎಂಬಿಬ್ಬರು ಸೇರಿ ಹೈ ಸ್ಟ್ರೀಟಿನಲ್ಲಿ ಒಂದು ಸ್ಟುಡಿಯೋ ತೆರೆದರು. ಅಂಗಡಿಯ ಮುಂದಿನ ಫಲಕದಲ್ಲಿ ಆರೇ ಇಂಗ್ಲಿಷ್ ಅಕ್ಷರಗಳಿಗೆ ಜಾಗವಿತ್ತಂತೆ. ಟೆಲಿಫೋನ್ ಡೈರೆಕ್ಟರಿ ತಿರುವಿಹಾಕಿ, ಆರಕ್ಷರಕ್ಕೆ ಕೂಡುವ 'ಡಿಕ್ಸನ್ಸ್' ಎಂಬ ಹೆಸರನ್ನು ಆರಿಸಿದರೆಂದು ಕಂಪನಿಯ ಕಥೆ ಹೇಳುತ್ತದೆ. ಡಿಕ್ಸನ್ ಎಂಬ ಮಾಲೀಕ ಯಾವ ಕಾಲದಲ್ಲಿಯೂ ಇರಲಿಲ್ಲ. ನಮ್ಮ ಕಡೆ ಅಂಗಡಿಗೆ ಹೆಸರಿಡುವುದೆಂದರೆ ಮನೆದೇವರು, ಅಜ್ಜನ ಹೆಸರು, ಮಗಳ ಹೆಸರು ಎಂದು ಎಷ್ಟೊಂದು ಚರ್ಚೆ! ಇಲ್ಲಿ ಹಲಗೆಯ ಅಳತೆಯೇ ಹೆಸರನ್ನು ನಿರ್ಧರಿಸಿತು.

ಎರಡು ವರ್ಷಗಳಲ್ಲಿ ಯುದ್ಧ ಆರಂಭವಾಯಿತು. ರಣರಂಗಕ್ಕೆ ಹೊರಟವರು ಹೆಂಡತಿಗೆ, ತಾಯಿಗೆ ಒಂದು ಭಾವಚಿತ್ರ ಕೊಟ್ಟು ಹೋಗಬೇಕು. ಮನೆಯವರದೊಂದು ಚಿತ್ರ ಅವರ ಜೇಬಿನಲ್ಲಿರಬೇಕು. ಸ್ಟುಡಿಯೋಗಳಿಗೆ ಅಂಥ ಸುಗ್ಗಿ ಹಿಂದೆ ಬಂದಿರಲಿಲ್ಲ. ಡಿಕ್ಸನ್ಸ್ ಲಂಡನ್ನಿನ ಆಸುಪಾಸಿನಲ್ಲಿ ಏಳು ಸ್ಟುಡಿಯೋಗಳವರೆಗೆ ಬೆಳೆಯಿತು. ಯುದ್ಧ ನಿಂತಿತು, ಸುಗ್ಗಿಯೂ ನಿಂತಿತು. ಏಳರಲ್ಲಿ ಆರು ಹೋಗಿ ಎಡ್ಜ್‌ವೇರಿನದು ಒಂದು ಉಳಿಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸ್ಟುಡಿಯೋ ಎಂಬುದು ಅಗಲಿಕೆಯ ವ್ಯಾಪಾರ. ಜನ ಒಬ್ಬರನ್ನೊಬ್ಬರು ಬಿಟ್ಟು ದೂರ ಹೋಗುವ ಕಾಲದಲ್ಲಿ ಅದು ನಡೆಯುತ್ತದೆ, ಎಲ್ಲರೂ ಮನೆಗೆ ಮರಳಿದಾಗ ಸೊರಗುತ್ತದೆ. ಯುದ್ಧದ ನಂತರ ಈ ವ್ಯಾಪಾರಕ್ಕೆ ಜೀವ ತುಂಬಿದವರು ಹೊರನಾಡಿನಿಂದ ಬಂದವರು. ದಕ್ಷಿಣ ಲಂಡನ್ನಿನ ಸ್ಟಾಕ್‌ವೆಲ್ಲಿನ ಲ್ಯಾಂಡರ್ ರೋಡಿನಲ್ಲಿ ಹ್ಯಾರಿ ಜೇಕಬ್ಸ್ ಎಂಬಾತ 1950ರ ದಶಕದ ಕೊನೆಯಿಂದ 1999ರವರೆಗೆ ಸ್ಟುಡಿಯೋ ನಡೆಸಿದ. ಅವನ ಬಳಿಗೆ ಬರುತ್ತಿದ್ದವರು ಬಹುಪಾಲು ವೆಸ್ಟ್ ಇಂಡೀಸಿನ ಕುಟುಂಬಗಳು. ಒಳ್ಳೆಯ ಕೋಟು, ಹಿಂದೆ ಬಣ್ಣದ ಪರದೆ. ಚಿತ್ರ ಸಮುದ್ರದಾಚೆ ತಾಯಿಯ ಕೈಗೆ ಹೋಗಿ, 'ಮಗ ಚೆನ್ನಾಗಿದ್ದಾನೆ' ಎಂದು ಸಾರಬೇಕು. 2002ರಲ್ಲಿ ಆ ಭಾವಚಿತ್ರಗಳನ್ನು ಲಂಡನ್ನಿನ ಫೋಟೋಗ್ರಾಫರ್ಸ್ ಗ್ಯಾಲರಿ ಪ್ರದರ್ಶನಕ್ಕಿಟ್ಟಿತು. ನಮ್ಮ ಹಿರಿಯರೂ ಊರಿಗೆ ಅಂಥ ಚಿತ್ರಗಳನ್ನೇ ಕಳಿಸಿದವರು. ಹೊಸ ಓವರ್‌ಕೋಟು ತೊಟ್ಟು, ಕೈಯಲ್ಲಿ ಗ್ಲೌಸು ಹಿಡಿದು ನಿಂತ ಡಾಕ್ಟರೊಬ್ಬರ ಚಿತ್ರ ಹಾಸನದ್ದೋ ದಾವಣಗೆರೆಯದ್ದೋ ಒಂದು ಪಡಸಾಲೆಯ ಗೋಡೆಯ ಮೇಲೆ ತೂಗುತ್ತಿರುವುದನ್ನು ನಾವೆಲ್ಲ ನೋಡಿದ್ದೇವೆ.

ಎಡ್ಜ್‌ವೇರಿನ ಸ್ಟುಡಿಯೋಗೆ ತಿರುವು ಕೊಟ್ಟದ್ದು ಮಾಲೀಕರ ಮಗ. ಸ್ಟಾನ್ಲಿ ಕಾಮ್ಸ್ 1948ರಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗ, ತಂದೆಯ ಅಂಗಡಿ ಸೇರಿದರು. ಭಾವಚಿತ್ರ ತೆಗೆಸಿಕೊಳ್ಳಲು ಬರುವವರು ಕಡಿಮೆಯಾಗಿದ್ದರು, ಆದರೆ ತಾವೇ ಚಿತ್ರ ತೆಗೆಯಬೇಕೆಂಬ ಹಂಬಲ ಜನರಲ್ಲಿ ಹೆಚ್ಚುತ್ತಿತ್ತು. ಹುಡುಗ ಕ್ಯಾಮೆರಾಗಳನ್ನೂ ಫೋಟೋ ಸಾಮಾನುಗಳನ್ನೂ ಮಾರತೊಡಗಿದ. ಫೋಟೋಗ್ರಫಿ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಕಂತಿನ ಮೇಲೆ, ಅಂಚೆಯ ಮೂಲಕವೂ ಮಾರಲಾಯಿತು. ಕೈಯಲ್ಲಿ ಇಡೀ ಹಣವಿಲ್ಲದವನೂ ತಿಂಗಳಿಗಿಷ್ಟೆಂದು ಕಟ್ಟಿ ಕ್ಯಾಮೆರಾ ಒಡೆಯನಾಗಬಹುದಾಯಿತು. 1950ರ ದಶಕದಲ್ಲಿ ಒಂದೊಂದಾಗಿ ಹೊಸ ಅಂಗಡಿಗಳು ತೆರೆದವು. 1962ರಲ್ಲಿ ಕಂಪನಿ ಲಂಡನ್ ಷೇರುಪೇಟೆಯನ್ನು ಪ್ರವೇಶಿಸಿತು.

ಆ ಕಾಲದ ಮಾರಾಟದ ಕಟ್ಟುಪಾಡುಗಳನ್ನು ತಿಳಿಯದೆ ಇದರ ಸ್ವಾರಸ್ಯ ಹೊಳೆಯದು. ಯುದ್ಧಾನಂತರದ ಬ್ರಿಟನ್ನಿನಲ್ಲಿ ವಿದೇಶಿ ಕ್ಯಾಮೆರಾಗಳ ಆಮದಿಗೆ ನಿರ್ಬಂಧವಿತ್ತು. ವಿದೇಶಿ ವಿನಿಮಯದ ಅಭಾವ ಭಾರತದ ಸೊತ್ತು ಮಾತ್ರವಾಗಿರಲಿಲ್ಲ. ಜೊತೆಗೆ, ತಯಾರಕ ಹೇಳಿದ ಬೆಲೆಗಿಂತ ಕಡಿಮೆಗೆ ಅಂಗಡಿಯವನು ಮಾರುವಂತಿರಲಿಲ್ಲ. ಆ ಪದ್ಧತಿಯನ್ನು ಮುರಿದದ್ದು 1964ರ ಕಾನೂನು. ಆಮದಿನ ಬಾಗಿಲು ಸಡಿಲವಾಗುತ್ತಿದ್ದಂತೆ ಡಿಕ್ಸನ್ಸ್ ಜಪಾನಿನ ಕಡೆ ಮುಖ ಮಾಡಿತು. ಅಲ್ಲಿನ ಕಾರ್ಖಾನೆಗಳಿಂದ ನೇರವಾಗಿ ಸರಕು ತರಿಸಿ, 'ಪ್ರಿಂಝ್' ಎಂಬ ಸ್ವಂತ ಮುದ್ರೆ ಹಾಕಿ ಮಾರಿತು. ಹೆಸರು ಜರ್ಮನ್, ಏಕೆಂದರೆ ಒಳ್ಳೆಯ ಕ್ಯಾಮೆರಾ ಎಂದರೆ ಜರ್ಮನಿಯದು ಎಂಬ ನಂಬಿಕೆ ಇನ್ನೂ ಮಾಸಿರಲಿಲ್ಲ. ಪ್ರಿಂಝ್‌ಫ್ಲೆಕ್ಸ್ ಕ್ಯಾಮೆರಾಗಳಲ್ಲಿ ಹಲವನ್ನು ಮಾಡಿಕೊಟ್ಟದ್ದು ಜಪಾನಿನ ಚೀನಾನ್ ಕಂಪನಿ. ಪ್ರಿಂಝ್‌ಫ್ಲೆಕ್ಸ್ 500-ಇ ಎಂಬುದಂತೂ ಸೋವಿಯತ್ ದೇಶದ ಜೆನಿಟ್-ಇ ಕ್ಯಾಮೆರಾವೇ. ಮಾಸ್ಕೋ ಬಳಿ ಹುಟ್ಟಿ, ಜರ್ಮನ್ ಹೆಸರು ಹೊತ್ತು, ಇಂಗ್ಲಿಷ್ ಅಂಗಡಿಯಲ್ಲಿ ಕುಳಿತ ಅದನ್ನು ಕೊಂಡ ಕನ್ನಡಿಗರೂ ಇದ್ದರು. ಅದರ ತೂಕ ಬಲ್ಲವರು ಅದನ್ನು ಮರೆಯಲಾರರು. ಕುತ್ತಿಗೆಗೆ ಹಾಕಿಕೊಂಡು ಹಂಪಿಯ ಮಾತಂಗ ಬೆಟ್ಟ ಹತ್ತುವುದೆಂದರೆ ಸಣ್ಣ ಶಿಕ್ಷೆಯಲ್ಲ.

ಆದರೆ ಕ್ಯಾಮೆರಾ ಅಂಗಡಿ ಬದುಕುತ್ತಿದ್ದುದು ಕ್ಯಾಮೆರಾ ಮಾರಿ ಅಲ್ಲ. ಕ್ಯಾಮೆರಾವನ್ನು ಗಿರಾಕಿ ಒಮ್ಮೆ ಕೊಂಡರೆ ಹತ್ತು ವರ್ಷ ಆ ಮಾತೆತ್ತುವುದಿಲ್ಲ. ರೋಲಿಗೆ ಮಾತ್ರ ಮತ್ತೆ ಮತ್ತೆ ಬರಬೇಕು. ರೋಲು ಕೊಳ್ಳಲು ಒಮ್ಮೆ, ತೊಳೆಯಲು ಕೊಡುವುದಕ್ಕೆ ಒಮ್ಮೆ, ಪ್ರಿಂಟು ಒಯ್ಯಲು ಒಮ್ಮೆ, ಅತ್ತೆಗೂ ಒಂದು ಕಾಪಿ ಬೇಕೆಂದು ಇನ್ನೊಮ್ಮೆ. ಅಮೆರಿಕದ ಜಾರ್ಜ್ ಈಸ್ಟ್‌ಮನ್ ಈ ಗುಟ್ಟನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದ. 1900ರಲ್ಲಿ ಅವನ ಕೊಡಾಕ್ ಕಂಪನಿ ಬ್ರೌನಿ ಎಂಬ ಡಬ್ಬಿ ಕ್ಯಾಮೆರಾವನ್ನು ಈ ದೇಶದಲ್ಲಿ ಐದು ಷಿಲಿಂಗಿಗೆ ಮಾರಿದ್ದು ಕ್ಯಾಮೆರಾದಿಂದ ಲಾಭ ಬರಲೆಂದಲ್ಲ. ಕೌಂಟರಿನ ಮುಂದೆ ಕಾಣುವ ಗಾಜು, ಲೋಹ, ಚರ್ಮದ ಚೀಲ ಇವೆಲ್ಲ ಶೃಂಗಾರ. ವ್ಯಾಪಾರದ ಹೊಟ್ಟೆ ಇದ್ದದ್ದು ಹಿಂದಿನ ಕತ್ತಲ ಕೋಣೆಯ ತೊಟ್ಟಿಗಳಲ್ಲಿ. ಆ ಕಾರಣಕ್ಕೇ ಈ ದೇಶದಲ್ಲಿ ಮೊದಲಿನಿಂದಲೂ ಫೋಟೋ ರಾಸಾಯನಿಕಗಳನ್ನು ಔಷಧದಂಗಡಿಗಳು ಮಾರುತ್ತಿದ್ದವು. ಪ್ರಿಂಟುಗಳು ಕಾಲಾನಂತರವೂ ಬೂಟ್ಸ್ ಅಂಗಡಿಯಲ್ಲಿ ಕೆಮ್ಮಿನ ಔಷಧದ ಪಕ್ಕದಲ್ಲೇ ಸಿಗುತ್ತಿದ್ದವು. ಆದುದರಿಂದ ನನ್ನನ್ನು ಮಾತ್ರೆಯ ಬಗ್ಗೆ ಕೇಳುವ ಹಿರಿಯರೂ ಪೂರ್ತಿ ತಪ್ಪಿಲ್ಲ.

ಈಗ ಆ ತೊಟ್ಟಿಯ ಕಡೆ ಬರೋಣ. ಎಡ್ಜ್‌ವೇರಿನ ಅಂಗಡಿಗೆ ಸುತ್ತಲಿನ ಲಂಡನ್ ಒಂದು ದೊಡ್ಡ ಪ್ರಯೋಗಶಾಲೆಯಂತಿತ್ತು. ಪೂರ್ವದಲ್ಲಿ ಇಲ್‌ಫರ್ಡ್. ಅದಿನ್ನೂ ಎಸೆಕ್ಸ್ ಕೌಂಟಿಯ ಸಣ್ಣ ಊರಾಗಿದ್ದಾಗ, 1879ರಲ್ಲಿ, ಆಲ್ಫ್ರೆಡ್ ಹಾರ್ಮನ್ ಎಂಬಾತ ಕ್ರಾನ್‌ಬ್ರೂಕ್ ರೋಡಿನ ತನ್ನ ಮನೆಯಲ್ಲಿಯೇ ಗಾಜಿನ ಒಣ ಪ್ಲೇಟುಗಳನ್ನು ತಯಾರಿಸತೊಡಗಿದ. ಮುಂದೆ ರೋಡನ್ ಸ್ಟ್ರೀಟಿನಲ್ಲಿ ಕಾರ್ಖಾನೆಯಾಯಿತು, ಊರಿನ ಹೆಸರೇ ಕಂಪನಿಯ ಹೆಸರಾಯಿತು. ಪಶ್ಚಿಮದಲ್ಲಿ, ಎಡ್ಜ್‌ವೇರಿಗೆ ಕೆಲವೇ ಮೈಲಿ ದೂರದ ಹ್ಯಾರೋ-ವೀಲ್ಡ್‌ಸ್ಟೋನಿನಲ್ಲಿ ಕೊಡಾಕ್ 1891ರಲ್ಲಿ ಕಾರ್ಖಾನೆ ತೆರೆಯಿತು. ಇದರ ಉಚ್ಛ್ರಾಯದಲ್ಲಿ ಐದಾರು ಸಾವಿರ ಜನ ಅಲ್ಲಿ ದುಡಿಯುತ್ತಿದ್ದರು. ದಕ್ಷಿಣದ ಕ್ರಾಯ್ಡನ್ನಿನಲ್ಲಿ ವ್ರಾಟನ್ ಅಂಡ್ ವೇನ್‌ರೈಟ್ ಎಂಬ ಪುಟ್ಟ ಸಂಸ್ಥೆ 1906ರಲ್ಲಿ ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟುಗಳನ್ನು ಮಾರಾಟಕ್ಕೆ ತಂದಿತು.

ಈ ಪ್ಲೇಟು, ಫಿಲಂ, ಕಾಗದ ಎಲ್ಲದರ ಮೇಲೂ ಸವರಿರುವ ವಸ್ತು ಒಂದೇ. ದನದ ಮೂಳೆ, ಚರ್ಮಗಳಿಂದ ತೆಗೆದ ಜೆಲಟಿನ್ ಎಂಬ ಅಂಟಿನಲ್ಲಿ ಬೆಳ್ಳಿಯ ಬ್ರೋಮೈಡ್ ಹರಳುಗಳ ಹರಹು. (ಮಡಿಯವರ ಪೂಜಾಮಂದಿರದಲ್ಲಿ ಗುರುಗಳ ಫೋಟೋ ಇರುತ್ತದಲ್ಲ, ಆ ಬಗ್ಗೆ ಈ ಸಂದರ್ಭದಲ್ಲಿ ನಾನು ಹೆಚ್ಚು ಹೇಳುವುದಿಲ್ಲ.) ಬೆಳಕು ಬಿದ್ದಾಗ ಹರಳಿನ ಮೇಲೆ ಬೆಳ್ಳಿಯ ಕೆಲವೇ ಪರಮಾಣುಗಳು ಒಂದು ಚುಕ್ಕೆಯಾಗಿ ಕೂಡುತ್ತವೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಡೆವಲಪರ್ ದ್ರಾವಣ ಆ ಚುಕ್ಕೆಯನ್ನು ಹಿಡಿದು ಇಡೀ ಹರಳನ್ನೇ ಕಪ್ಪು ಬೆಳ್ಳಿಯಾಗಿ ಮಾರ್ಪಡಿಸುತ್ತದೆ, ಹಾಲಿಗೆ ಹಾಕಿದ ಒಂದು ತೊಟ್ಟು ಹೆಪ್ಪು ಪಾತ್ರೆಯನ್ನೆಲ್ಲ ಮೊಸರು ಮಾಡುವ ಹಾಗೆ. ಬೆಳಕು ತಾಗದ ಹರಳುಗಳನ್ನು ಆಮೇಲೆ ಹೈಪೋ ಕರಗಿಸಿ ತೆಗೆಯುತ್ತದೆ. ಹೈಪೋಗೆ ಬೆಳ್ಳಿಯ ಲವಣಗಳನ್ನು ಕರಗಿಸುವ ಈ ಗುಣವಿದೆಯೆಂದು ಜಾನ್ ಹರ್ಷೆಲ್ 1819ರಲ್ಲಿಯೇ ಕಂಡುಹಿಡಿದಿದ್ದ, ಫೋಟೋಗ್ರಫಿ ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲು.

ಇದರಲ್ಲಿ ಬಹುಕಾಲ ಬಿಡಿಸಲಾಗದ ಒಗಟೊಂದಿತ್ತು. ಒಂದು ಕಂತಿನ ಜೆಲಟಿನ್ನಿಂದ ಚುರುಕಾದ ಫಿಲಂ ಆಗುತ್ತಿತ್ತು, ಅದೇ ವಿಧಾನದಲ್ಲಿ ಇನ್ನೊಂದು ಕಂತಿನಿಂದ ಮಾಡಿದ್ದು ಮಂದವಾಗುತ್ತಿತ್ತು. ಒಗಟನ್ನು ಬಿಡಿಸಿದವನು ಲಂಡನ್ನಿನ ಹಿದರ್ ಗ್ರೀನಿನಲ್ಲಿ ಹುಟ್ಟಿದ ಸ್ಯಾಮ್ಯುಯೆಲ್ ಶೆಪರ್ಡ್. ಅವನೂ ಕೆನ್ನೆತ್ ಮೀಸ್ ಎಂಬ ಗೆಳೆಯನೂ ಕ್ಯಾಟ್‌ಫರ್ಡಿನ ಸೇಂಟ್ ಡನ್‌ಸ್ಟನ್ಸ್ ಶಾಲೆಯ ಸಹಪಾಠಿಗಳು. ಇಬ್ಬರೂ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ರಾಮ್ಸೆಯ ವಿಭಾಗದಲ್ಲಿ ಫೋಟೋಗ್ರಫಿಯ ರಸಾಯನವನ್ನೇ ವಿಷಯವಾಗಿ ತೆಗೆದುಕೊಂಡು ಡಾಕ್ಟರೇಟು ಮಾಡಿದರು. ಈ ರಾಮ್ಸೆ ನಮಗೆ ಹೊರಗಿನವರಲ್ಲ. 1900ರಲ್ಲಿ ಭಾರತಕ್ಕೆ ಬಂದು, ಟಾಟಾ ಅವರ ವಿಜ್ಞಾನ ಸಂಸ್ಥೆಗೆ ಬೆಂಗಳೂರೇ ಯೋಗ್ಯ ಸ್ಥಳವೆಂದು ಸಲಹೆ ಕೊಟ್ಟವರು ಇವರೇ. ಮೀಸ್ ಕ್ರಾಯ್ಡನ್ನಿನ ಕಂಪನಿ ಸೇರಿದ. ಅವನು ಬೇಕೆಂದು ಈಸ್ಟ್‌ಮನ್ 1912ರಲ್ಲಿ ಆ ಕಂಪನಿಯನ್ನೇ ಕೊಂಡು, ಅವನನ್ನು ಅಮೆರಿಕದ ರಾಚೆಸ್ಟರಿಗೆ ಕರೆಸಿಕೊಂಡ. ಶೆಪರ್ಡನೂ ಅಲ್ಲಿಗೆ ಹೋದ. 1920ರ ದಶಕದಲ್ಲಿ ಶೆಪರ್ಡ್ ಕಂಡುಕೊಂಡದ್ದು ಇದು: ಒಳ್ಳೆಯ ಜೆಲಟಿನ್ನಿನಲ್ಲಿ ಗಂಧಕವುಳ್ಳ ಒಂದು ವಸ್ತುವಿನ ಅತ್ಯಲ್ಪ ಅಂಶವಿರುತ್ತದೆ, ಅದು ಸಾಸಿವೆಯ ಎಣ್ಣೆಯಲ್ಲಿರುವಂಥದು. ಅದು ಹರಳಿನ ಮೇಲೆ ಬೆಳ್ಳಿಯ ಸಲ್ಫೈಡಿನ ಸೂಕ್ಷ್ಮ ಚುಕ್ಕೆಗಳನ್ನು ಮೂಡಿಸಿ ಫಿಲಮ್ಮನ್ನು ಚುರುಕು ಮಾಡುತ್ತದೆ. ದನಗಳು ಮೇಯುವಾಗ ಸಾಸಿವೆ ಜಾತಿಯ ಗಿಡಗಳನ್ನು ತಿಂದದ್ದರ ಫಲ! ದನಗಳಿಗೆ ಸಾಸಿವೆ ಸೇರದಿದ್ದರೆ ಸಿನಿಮಾನೇ ಇರುತ್ತಿರಲಿಲ್ಲ ಎಂಬರ್ಥದಲ್ಲಿ ಮೀಸ್ ತಮಾಷೆ ಮಾಡಿದ್ದುಂಟು. ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವಾಗ ಮೂಗಿಗೆ ಬಡಿಯುವ ಘಾಟಿಗೂ ನಮ್ಮ ಅಜ್ಜಂದಿರ ಭಾವಚಿತ್ರಕ್ಕೂ ಇಂಥ ನಂಟಿದೆ ಎಂಬುದು ಕಾಲೇಜಿನಲ್ಲಿ ನನಗೆ ಬಹಳ ಖುಷಿ ಕೊಟ್ಟ ಸಂಗತಿ.

ಬಣ್ಣದ ಫಿಲಂ ಬಂದಾಗ ರಸಾಯನ ಇನ್ನಷ್ಟು ಜಟಿಲವಾಯಿತು. ಅಂಗಡಿಯ ಹಿಂದಿನ ಸಣ್ಣ ಕತ್ತಲ ಕೋಣೆಗೆ ಅದು ನಿಲುಕದ ಮಾತಾಯಿತು. 1935ರಲ್ಲಿ ಹುಟ್ಟಿದ ಕೊಡಾಕ್ರೋಮ್ ಸ್ಲೈಡುಗಳನ್ನು ಈ ದೇಶದಲ್ಲಿ ಕೊಂಡಾಗ ತೊಳೆಯುವ ಖರ್ಚೂ ಬೆಲೆಯಲ್ಲೇ ಸೇರಿರುತ್ತಿತ್ತು. ರೋಲನ್ನು ಹಳದಿ ಲಕೋಟೆಯಲ್ಲಿಟ್ಟು ಹೆಮೆಲ್ ಹೆಂಪ್‌ಸ್ಟೆಡಿಗೆ ಅಂಚೆಯಲ್ಲಿ ಕಳಿಸಿ ಕಾಯಬೇಕು. ಬಣ್ಣದ ಫಿಲಂ ಮಾರಾಟದಲ್ಲಿ ಸುಮಾರು ಮುಕ್ಕಾಲು ಪಾಲು ಕೊಡಾಕ್‌ ಒಂದರ ಕೈಯಲ್ಲಿಯೇ ಇದ್ದುದರಿಂದ ಸರ್ಕಾರದ ಮೊನಾಪಲೀಸ್ ಕಮಿಷನ್ 1966ರಲ್ಲಿ ವಿಚಾರಣೆಯ ವರದಿ ಕೊಟ್ಟು, ಬೆಲೆ ಇಳಿಸಬೇಕೆಂದು ಹೇಳಿತು. ಲಾಭವೆಲ್ಲಿದೆ ಎಂಬುದು ಡಿಕ್ಸನ್ಸ್‌ಗೂ ಗೊತ್ತಿತ್ತು. 1967ರಲ್ಲಿ ಅದು ಸ್ಟೀವನೇಜಿನಲ್ಲಿ ತನ್ನದೇ ಒಂದು ದೊಡ್ಡ ಫಿಲಂ ಸಂಸ್ಕರಣ ಶಾಲೆಯನ್ನು ಹೊಂದಿತು. ಎಡ್ಜ್‌ವೇರಿನ ಸಣ್ಣ ಅಂಗಡಿ ಈಗ ನಿಜವಾಗಿ ಸಣ್ಣದಾಗಿರಲಿಲ್ಲ. 1972ರಲ್ಲಿ ಅದು ಬಾಂಡ್ ಸ್ಟ್ರೀಟಿನ ಹಳೆಯ, ಘನತೆವೆತ್ತ ಕ್ಯಾಮೆರಾ ಅಂಗಡಿ ವಾಲೇಸ್ ಹೀಟನ್ನನ್ನೇ ಕೊಂಡುಕೊಂಡಿತು.

ನಮ್ಮವರು ಹೆಚ್ಚಾಗಿ ಈ ದೇಶಕ್ಕೆ ಬಂದದ್ದು ಇದೇ ಕಾಲದಲ್ಲಿ. ಊರಿನಲ್ಲಿ ಆಗ ಅನೇಕ ಮನೆಗಳಿಗೆ ಕ್ಯಾಮೆರಾ ಎಂದರೆ ಬರೋಡದಲ್ಲಿ ತಯಾರಾದ ಆಗ್ಫಾ ಕ್ಲಿಕ್-3. ಒಂದು ರೋಲಿಗೆ ಹನ್ನೆರಡು ಚಿತ್ರ. ಹನ್ನೆರಡನ್ನು ಮುಗಿಸಲು ಒಂದು ಹಬ್ಬ ಸಾಲದೆ ಇನ್ನೊಂದು ಹಬ್ಬಕ್ಕೆ ಕಾಯುತ್ತಿದ್ದರು. ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲಂಸ್ ಕಾರ್ಖಾನೆ 1967ರಲ್ಲಿ ಉತ್ಪಾದನೆ ಆರಂಭಿಸಿ 'ಇಂದು' ಎಂಬ ಹೆಸರಿನಲ್ಲಿ ಕಪ್ಪು-ಬಿಳುಪು ಫಿಲಂ ಕೊಟ್ಟಿತು. ಬಣ್ಣದ ರೋಲು ಮಾತ್ರ ದುರ್ಲಭ. ಆದುದರಿಂದ ಲಂಡನ್ನಿನಿಂದ ರಜಕ್ಕೆ ಹೊರಟವರ ಪೆಟ್ಟಿಗೆಯಲ್ಲಿ ಚಾಕೊಲೇಟು, ಶೇವಿಂಗ್ ಬ್ಲೇಡುಗಳ ಜೊತೆಗೆ ನಾಲ್ಕು ಬಣ್ಣದ ರೋಲುಗಳೂ ಇರುತ್ತಿದ್ದವು. ತಂಗಿಯ ಮದುವೆಯನ್ನು ಅವುಗಳಲ್ಲಿ ಹಿಡಿದು, ತೊಳೆಸದೆಯೇ ವಾಪಸು ತಂದು, ಇಲ್ಲಿನ ಹೈ ಸ್ಟ್ರೀಟಿನ ಅಂಗಡಿಗೆ ಕೊಟ್ಟು, ಬಂದ ಪ್ರಿಂಟುಗಳಲ್ಲಿ ಒಂದು ಸೆಟ್ಟನ್ನು ಏರ್‌ಮೇಲಿನಲ್ಲಿ ಊರಿಗೆ ಕಳಿಸುವುದು. ಮದುಮಗಳು ತನ್ನ ಮದುವೆಯ ಬಣ್ಣದ ಚಿತ್ರ ನೋಡುವ ವೇಳೆಗೆ ಕೆಲವೊಮ್ಮೆ ಸೀಮಂತದ ಮಾತು ಬಂದಿರುತ್ತಿತ್ತು. ಹೀಗೆ ಮೈಸೂರು ಸೀಮೆಯ ಎಷ್ಟೋ ಮದುವೆಗಳ ನೆಗೆಟಿವ್‌ಗಳು ಇಂದಿಗೂ ಇರುವುದು ಹ್ಯಾರೋ, ಇಲ್‌ಫರ್ಡ್, ಕ್ರಾಯ್ಡನ್ನಿನ ಮನೆಗಳ ಅಟ್ಟದ ಮೇಲೆ. ಇದನ್ನು ನಾವು ಗಮನಿಸಿಯೇ ಇಲ್ಲ.

1972ರಲ್ಲಿ ಕೊಡಾಕ್ ಸಿ-41 ಎಂಬ ತೊಳೆಯುವ ಕ್ರಮವನ್ನು ತಂದಿತು. ಡೆವಲಪರಿನ ಶಾಖ 37.8 ಡಿಗ್ರಿ, ಅಂದರೆ ಮಗುವಿಗೆ ಸಣ್ಣ ಜ್ವರ ಬಂದಾಗಿನಷ್ಟು. ಸಮಯ ಮೂರು ಕಾಲು ನಿಮಿಷ. ಉಳಿದ ಕಂಪನಿಗಳೂ ಕ್ರಮೇಣ ಇದಕ್ಕೇ ಹೊಂದಿಕೊಂಡವು. ಎಲ್ಲ ಫಿಲಂಗಳಿಗೂ ಒಂದೇ ಸ್ನಾನವೆಂದಾದ ಮೇಲೆ ಅದನ್ನು ಯಂತ್ರಕ್ಕೆ ಒಪ್ಪಿಸುವುದು ಸುಲಭ. ಜಪಾನಿನ ನೊರಿತ್ಸು ಕಂಪನಿ 1970ರ ದಶಕದ ಕೊನೆಯಲ್ಲಿ ಅಂಗಡಿಯೊಳಗೇ ಕೂರುವ ಯಂತ್ರಗಳನ್ನು ಕೊಟ್ಟಿತು. 1980ರ ದಶಕದಲ್ಲಿ ಹೈ ಸ್ಟ್ರೀಟಿನಲ್ಲೆಲ್ಲ 'ಒಂದು ಗಂಟೆಯಲ್ಲಿ ಫೋಟೋ' ಎಂಬ ಬೋರ್ಡುಗಳು. ದೂರದ ಕಾರ್ಖಾನೆಗೆ ಹೋಗಿದ್ದ ತೊಟ್ಟಿ ಮತ್ತೆ ಅಂಗಡಿಗೆ ಮರಳಿತು. ಜೊತೆಗೊಂದು ಉಪ ಆದಾಯವೂ ಇತ್ತು: ಬಳಸಿದ ಹೈಪೋ ದ್ರಾವಣದಲ್ಲಿ ಕರಗಿರುವ ಬೆಳ್ಳಿಯನ್ನು ಬೇರ್ಪಡಿಸಿ ಮಾರುವುದು. ಸಾವಿರಾರು ಜನರ ರಜಾದಿನಗಳಿಂದ ಕೆಳಗಿಳಿದ ಬೆಳ್ಳಿ ಅದು. ಯಾರದೋ ಮನೆಯ ಚಮಚವೋ ದೀಪವೋ ಆಗಿರಬೇಕು.

ಆದರೆ ಡಿಕ್ಸನ್ಸ್‌ನ ಗಮನ ಆ ವೇಳೆಗೆ ಬೇರೆ ಕಡೆ ಹೊರಳಿತ್ತು. ರೇಡಿಯೋ, ಹೈ-ಫೈ, ಕ್ಯಾಲ್ಕುಲೇಟರು, ವಿಡಿಯೋ. 1984ರಲ್ಲಿ ಅದು ಕರಿಸ್ ಎಂಬ ವಿದ್ಯುತ್ ಸಾಮಾನಿನ ಸಂಸ್ಥೆಯನ್ನು ಕೊಂಡಿತು. ಈ ಕರಿಸ್ 1884ರಲ್ಲಿ ಲೆಸ್ಟರ್ ಊರಿನ ಸೈಕಲ್ ಅಂಗಡಿಯಾಗಿ ಹುಟ್ಟಿದ್ದು. 1998ರಲ್ಲಿ ಡಿಕ್ಸನ್ಸ್ ಫ್ರೀಸರ್ವ್ ಎಂಬ ಇಂಟರ್ನೆಟ್ ಸೇವೆಯನ್ನೂ ನಡೆಸಿತು. ಮಗ ಸ್ಟಾನ್ಲಿಗೆ 1996ರಲ್ಲಿ ಸರ್ ಪದವಿ ಬಂತು. 2004ರಲ್ಲಿ ಲಾರ್ಡ್ ಆದಾಗ ಅವರು ತೆಗೆದುಕೊಂಡ ಬಿರುದು 'ಎಡ್ಜ್‌ವೇರಿನ ಬ್ಯಾರನ್ ಕಾಮ್ಸ್' ಎಂದು. 2005ರಲ್ಲಿ ಡಿಕ್ಸನ್ಸ್ ಇನ್ನು ಮುಂದೆ 35 ಮಿಲಿಮೀಟರ್ ಫಿಲಂ ಕ್ಯಾಮೆರಾ ಮಾರುವುದಿಲ್ಲವೆಂದು ಘೋಷಿಸಿತು. ಎಡ್ಜ್‌ವೇರಿನ ಸ್ಟುಡಿಯೋದಿಂದ ಬೆಳೆದ ಸಂಸ್ಥೆಗೆ ಇದರಿಂದ ಹೆಚ್ಚು ನೋವಾದಂತೆ ಕಾಣಲಿಲ್ಲ. ನನ್ನ ಅಭಿಪ್ರಾಯದಲ್ಲಿ ಅದು ಉಳಿದದ್ದೇ ಆ ಕಾರಣದಿಂದ. ಹೆಸರನ್ನು ಡೈರೆಕ್ಟರಿಯಿಂದ ಆರಿಸಿಕೊಂಡಷ್ಟೇ ನಿರ್ಲಿಪ್ತವಾಗಿ ಅದು ಸರಕನ್ನೂ ಆರಿಸಿಕೊಂಡಿತು, ಬಿಟ್ಟಿತು. ಕ್ಯಾಮೆರಾ ಅದಕ್ಕೆ ಇನ್ನೊಂದು ಸಾಮಾನು.

ರಸಾಯನವನ್ನೇ ನಂಬಿದ್ದವರ ಗತಿ ಬೇರೆಯಾಯಿತು. ಇಲ್‌ಫರ್ಡಿನ ಮೂಲ ಕಾರ್ಖಾನೆ 1976ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಸೇನ್ಸ್‌ಬರಿಸ್ ಬಂತು. ಕಂಪನಿ ಚೆಷೈರಿನ ಮಾಬರ್ಲಿಗೆ ಹೋಗಿ, 2004ರಲ್ಲಿ ದಿವಾಳಿಯ ಅಂಚಿಗೆ ಬಂದು, ನೌಕರರೇ ಕೆಲವರು ಮುಂದೆ ನಿಂತು ಉಳಿಸಿಕೊಂಡದ್ದರಿಂದ ಇಂದಿಗೂ ಕಪ್ಪು-ಬಿಳುಪು ಫಿಲಂ ತಯಾರಿಸುತ್ತಿದೆ. ಆ ಹೊಸ ಕಂಪನಿಗೆ ಅವರಿಟ್ಟ ಹೆಸರು ಹಾರ್ಮನ್. ಹ್ಯಾರೋದ ಕೊಡಾಕ್ 2016ರ ಕೊನೆಯಲ್ಲಿ ಬಾಗಿಲು ಹಾಕಿತು. ಅಲ್ಲಿ ಎದ್ದ ಹೊಸ ವಸತಿಗೆ ಈಸ್ಟ್‌ಮನ್ ವಿಲೇಜ್ ಎಂದು ನಾಮಕರಣವಾಯಿತು. ಡಿಕ್ಸನ್ಸ್‌ನ ಹೆಸರಿಗೂ ಕೊನೆಗೆ ಕಾಲ ಬಂತು. 2006ರಲ್ಲಿ ಹೈ ಸ್ಟ್ರೀಟಿನ ಅಂಗಡಿಗಳಿಂದ ಅದು ಹೋಯಿತು. ವಿಮಾನ ನಿಲ್ದಾಣಗಳಲ್ಲಿ ಉಳಿದಿತ್ತು. ಊರಿಗೆ ಹೋಗುವಾಗ ಹೀಥ್ರೂವಿನಲ್ಲಿ ಕೊನೆಯ ಗಳಿಗೆಯ ಉಡುಗೊರೆಗಾಗಿ ನಾವು ನುಗ್ಗುತ್ತಿದ್ದ ಅಂಗಡಿ ಅದೇ. ತೆರಿಗೆ ವಿನಾಯಿತಿ ನಿಂತದ್ದರಿಂದ 2021ರಲ್ಲಿ ಅವನ್ನೂ ಮುಚ್ಚಿದರು. ಅದೇ ವರ್ಷ ಇಡೀ ಸಂಸ್ಥೆ ಕರಿಸ್ ಎಂಬ ಸೈಕಲ್ ಅಂಗಡಿಯ ಹೆಸರನ್ನು ಪಡೆಯಿತು.

ಇನ್ನು ಕೆಂಪಾಗುವ ಮದುವೆ ಫೋಟೋಗಳ ವಿಚಾರ. ಸ್ಟುಡಿಯೋದವನು ತೆಗೆದ 1940-50ರ ಕಪ್ಪು-ಬಿಳುಪು ಚಿತ್ರದಲ್ಲಿ ಇರುವುದು ಲೋಹ, ಸಾಕ್ಷಾತ್ ಬೆಳ್ಳಿ. ಹೈಪೋವನ್ನು ಚೆನ್ನಾಗಿ ನೀರಿನಲ್ಲಿ ತೊಳೆದು ತೆಗೆದಿದ್ದರೆ ಅದು ನೂರು ವರ್ಷಕ್ಕೂ ಜಗ್ಗುವುದಿಲ್ಲ. ಅವಸರದಲ್ಲಿ ತೊಳೆದದ್ದಾದರೆ ಉಳಿದ ಗಂಧಕ ಬೆಳ್ಳಿಯನ್ನು ಹಿಡಿದು, ಮನೆಯ ಬೆಳ್ಳಿ ಪಾತ್ರೆ ಮಂಕಾಗುವಂತೆಯೇ, ಚಿತ್ರ ಹಳದಿ-ಕಂದಾಗುತ್ತದೆ. ಬಣ್ಣದ ಪ್ರಿಂಟಿನಲ್ಲಿ ಬೆಳ್ಳಿಯಿಲ್ಲ. ತೊಳೆಯುವಾಗ ಬೆಳ್ಳಿಯನ್ನೆಲ್ಲ ತೆಗೆದುಬಿಟ್ಟಿರುತ್ತಾರೆ, ಉಳಿಯುವುದು ಮೂರು ಸಾವಯವ ಬಣ್ಣಗಳ ಪದರ: ಹಳದಿ, ನೇರಳೆಗೆಂಪು, ಹಸುರುನೀಲಿ. 1970ರ ದಶಕದ ಕಾಗದಗಳಲ್ಲಿ ಹಸುರುನೀಲಿ ಬಣ್ಣ ಕತ್ತಲಲ್ಲಿಟ್ಟರೂ ತಾನಾಗಿಯೇ ಒಡೆಯುತ್ತಿತ್ತು. ಅದು ಹೋದರೆ ಮಿಕ್ಕದ್ದು ಕೆಂಪು. 1980ರ ದಶಕದ ನಡುವೆ ಹೆಚ್ಚು ಗಟ್ಟಿಯಾದ ಬಣ್ಣಗಳು ಬಂದವು. ಆದುದರಿಂದ ಅಜ್ಜಿಯ ಮದುವೆಯ ಚಿತ್ರ ನಿಚ್ಚಳವಾಗಿದ್ದು ಅಮ್ಮನ ಮದುವೆಯದು ಮಾಸಿರುವುದು ಆಲ್ಬಮ್ಮಿನ ದೋಷವಲ್ಲ, ಕಾಲದ ರಸಾಯನದ ದೋಷ. ಕೊಡಾಕ್ರೋಮ್ ಸ್ಲೈಡುಗಳು ಮಾತ್ರ ಕತ್ತಲಲ್ಲಿ ಅದ್ಭುತವಾಗಿ ಬಾಳುತ್ತವೆ. ಪ್ರೊಜೆಕ್ಟರಿನ ದೀಪಕ್ಕೆ ಹೆಚ್ಚು ಹೊತ್ತು ಒಡ್ಡಬಾರದಷ್ಟೆ. ಅವನ್ನು ತೊಳೆಯುತ್ತಿದ್ದ ಕೊನೆಯ ಶಾಲೆ, ಅಮೆರಿಕದ ಕಾನ್ಸಸ್‌ನಲ್ಲಿದ್ದದ್ದು, 2010ರ ಡಿಸೆಂಬರಿನ ಕೊನೆಗೆ ಆ ಕೆಲಸ ನಿಲ್ಲಿಸಿತು. ಎಲ್ಲಿಯಾದರೂ ತೊಳೆಯದ ಕೊಡಾಕ್ರೋಮ್ ರೋಲು ಸಿಕ್ಕರೆ ಅದರ ಬಣ್ಣ ಹೊರಬರುವ ಆಸೆ ಇಲ್ಲ.

ಹ್ಯಾರೋ ಕಾರ್ಖಾನೆಯಲ್ಲಿ 1927ರಿಂದ ಒಂದು ಮ್ಯೂಸಿಯಂ ಇತ್ತು. ಅದರ ಸಂಗ್ರಹ 1985ರಲ್ಲಿ ಬ್ರಾಡ್‌ಫರ್ಡಿಗೆ ಹೋಯಿತು. ಕ್ಯಾಮೆರಾಗಳನ್ನು ಅಲ್ಲಿ ಭದ್ರವಾಗಿ ಇಟ್ಟಿದ್ದಾರೆ. ನಮ್ಮ ನೆಗೆಟಿವ್‌ಗಳಿಗೆ ಮ್ಯೂಸಿಯಂ ಇಲ್ಲ, ಅವಿರುವುದು ಬೂಟಿನ ಡಬ್ಬಿಗಳಲ್ಲಿ. ಪ್ರಿಂಟು ಕೆಂಪಾಗಿದ್ದರೂ ನೆಗೆಟಿವ್ ಇದ್ದರೆ ಅದರಿಂದ ಹೊಸದನ್ನು ಪಡೆಯುವ ಸಾಧ್ಯತೆ ಎಷ್ಟೋ ಹೆಚ್ಚು. ಆದರೂ ಮನೆ ಬದಲಿಸುವಾಗ ಮೊದಲು ಕಸಕ್ಕೆ ಹೋಗುವುದು ಅದೇ. ಅಟ್ಟವೂ ಗರಾಜೂ ಅವಕ್ಕೆ ಕೆಟ್ಟ ಜಾಗ. ಬೇಸಗೆಯ ಬಿಸಿ ಒಂದು ಕಡೆ, ಚಳಿಗಾಲದ ತೇವ ಇನ್ನೊಂದು ಕಡೆ. ಮಲಗುವ ಕೋಣೆಯ ಕಪಾಟು ಸಾಕು. ಅಂಟಿನ ಪುಟಗಳ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುವ ಆಲ್ಬಮ್ಮುಗಳಿಂದ ಪ್ರಿಂಟುಗಳನ್ನು ಬಿಡಿಸಿ ತೆಗೆಯುವುದು ಒಳ್ಳೆಯದು. ಹಿಂದೆ ಪೆನ್ಸಿಲಿನಲ್ಲಿ ಹೆಸರು, ಊರು, ಇಸವಿ ಬರೆದಿಡಬೇಕು. ಆ ಹೆಸರುಗಳನ್ನು ಬಲ್ಲವರು ನಮ್ಮ ನಡುವೆ ಇನ್ನೂ ಇದ್ದಾರೆ. ಡಬ್ಬಿ ತೆರೆದಾಗ ವಿನಿಗರಿನ ವಾಸನೆ ಬಂದರೆ ಅದು ಫಿಲಂನ ಅಸಿಟೇಟ್ ಒಡೆದು ಆಮ್ಲ ಬಿಡುತ್ತಿರುವ ಗುರುತು. ಆ ಆಮ್ಲವೇ ಪಕ್ಕದ ನೆಗೆಟಿವ್‌ಗಳನ್ನೂ ಕೆಡಿಸುತ್ತದೆ, ಕೊಳೆತ ಮಾವಿನಹಣ್ಣು ಬುಟ್ಟಿಯನ್ನೆಲ್ಲ ಕೆಡಿಸುವ ಹಾಗೆ. ಅಂಥ ಡಬ್ಬಿಯನ್ನು ಉಳಿದವುಗಳಿಂದ ಬೇರೆಯಿಟ್ಟು, ಸ್ಕ್ಯಾನ್ ಮಾಡಿಸುವುದಾದರೆ ಮೊದಲು ಅದನ್ನೇ ಒಯ್ಯಿರಿ.